ಎಆರ್ ಪಿಸ್ತೂಲಿನ ಬಾಯಿಗೆ ಯಾವ ಮಝಲ್ ಡಿವೈಸ್ ಹಾಕಬೇಕು?

ಅಮೆರಿಕದ ಬಂದೂಕು ಅಂಗಡಿಗಳಲ್ಲಿ ಎಆರ್ ಪಿಸ್ತೂಲು ಅಂತ ಒಂದು ಆಯುಧ ಸಿಗುತ್ತದೆ. ನೋಡಲು ಥೇಟ್ ಎಆರ್-15 ರೈಫಲ್. ನಳಿಗೆ ಮಾತ್ರ ಗಿಡ್ಡ. ಸಾಮಾನ್ಯವಾಗಿ 7.5, 10.5 ಇಲ್ಲವೇ 11.5 ಇಂಚು. ಹೆಗಲಿಗೆ ಆನಿಸಿಕೊಳ್ಳುವ ಸ್ಟಾಕ್ ಇರುವುದಿಲ್ಲ. ಇದನ್ನು ಕೊಂಡವರ ಮೊದಲ ಪ್ರಶ್ನೆ ಹೆಚ್ಚಾಗಿ ನಳಿಗೆಯ ತುದಿಯ ಬಗ್ಗೆಯೇ ಇರುತ್ತದೆ. ಅಲ್ಲಿ ತಿರುಗಿಸಿ ಕೂರಿಸುವ ಒಂದು ಸಣ್ಣ ಲೋಹದ ತುಂಡು ಇದೆಯಲ್ಲ, ಮಝಲ್ ಡಿವೈಸ್, ಅದರಲ್ಲಿ ಯಾವುದು ಒಳ್ಳೆಯದು?

ಬಹಳ ಜನ ಇದನ್ನು ಅಂದ ನೋಡಿ ಆರಿಸುತ್ತಾರೆ. ಇಲ್ಲವೇ ಸ್ಪರ್ಧೆಯಲ್ಲಿ ಗೆದ್ದವರ ರೈಫಲಿನಲ್ಲಿ ಏನಿದೆಯೋ ಅದನ್ನೇ ತರುತ್ತಾರೆ. ಉದ್ದ ನಳಿಗೆಯ ರೈಫಲ್ ಆದರೆ ಹಾಗೆ ಮಾಡಿದರೂ ದೊಡ್ಡ ತೊಂದರೆ ಆಗಲಿಕ್ಕಿಲ್ಲ. ಗಿಡ್ಡ ನಳಿಗೆಯಲ್ಲಿ ಆಗುತ್ತದೆ. ಇಲ್ಲಿ ತಪ್ಪು ಆಯ್ಕೆ ಮಾಡಿದರೆ ಪೆಟ್ಟು ಬೀಳುವುದು ಕಿವಿಗೆ, ಅದೂ ನಿಮ್ಮ ಕಿವಿಗೆ ಮಾತ್ರ ಅಲ್ಲ. ಹಾಗಾಗಿ ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಳಿಗೆಯಿಂದ ಹೊರಬರುವ ಅನಿಲ ಯಾವ ಕಡೆ ಹೋಗಬೇಕು, ಆ ಕಡೆ ಯಾರಿದ್ದಾರೆ?

ನಳಿಗೆ ಗಿಡ್ಡವಾದರೆ ಏನಾಗುತ್ತದೆ

ಎಆರ್-15 ಹುಟ್ಟಿದ್ದು 1950ರ ದಶಕದ ಕೊನೆಯಲ್ಲಿ, ಆರ್ಮಲೈಟ್ ಕಂಪನಿಯಲ್ಲಿ. ವಿನ್ಯಾಸದ ಹಿಂದೆ ಇದ್ದವರು ಯೂಜಿನ್ ಸ್ಟೋನರ್. ಅದರಿಂದ ಬಂದ ಎಂ16 ಸೇನಾ ರೈಫಲಿಗೆ 20 ಇಂಚಿನ ನಳಿಗೆ ಇತ್ತು. ಇವತ್ತು 5.56 ಎನ್ನುವ ತೋಟೆಯೂ ಆ ಉದ್ದಕ್ಕೆ ಹೊಂದುವಂತೆ ಬೆಳೆದದ್ದು.

ಈ ತೋಟೆಯಲ್ಲಿ ಗುಂಡಿನ ತೂಕ ಸುಮಾರು 3.6 ಗ್ರಾಂ. ಅದರ ಹಿಂದಿರುವ ಮದ್ದು ಹೆಚ್ಚುಕಡಿಮೆ 1.6 ಗ್ರಾಂ. ಮದ್ದು ಉರಿದಾಗ ಅಷ್ಟೂ ಅನಿಲವಾಗುತ್ತದೆ. ಅಂದರೆ ಪ್ರತಿ ಸಲ ಬಂದೂಕಿನ ಕುದುರೆ (ಟ್ರಿಗರ್) ಎಳೆದಾಗ ಗುಂಡಿನ ಅರ್ಧದ ಹತ್ತಿರ ತೂಕದ ಬಿಸಿ ಅನಿಲ ಅದರ ಬೆನ್ನಿಗೇ ಹೊರಗೆ ನುಗ್ಗುತ್ತದೆ, ಗುಂಡಿಗಿಂತಲೂ ಜಾಸ್ತಿ ವೇಗದಲ್ಲಿ. ಈ ಲೆಕ್ಕ ನೆನಪಿರಲಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

20 ಇಂಚು ಸಾಗುವಷ್ಟರಲ್ಲಿ ಮದ್ದು ಚೆನ್ನಾಗಿ ಉರಿದಿರುತ್ತದೆ. ಅನಿಲ ಹಿಗ್ಗಿ, ಒತ್ತಡ ಇಳಿದು, ತನ್ನ ಶಕ್ತಿಯ ಒಳ್ಳೆಯ ಪಾಲನ್ನು ಗುಂಡಿಗೆ ಕೊಟ್ಟಿರುತ್ತದೆ. ಗುಂಡಿನ ವೇಗ ಸೆಕೆಂಡಿಗೆ ಸುಮಾರು 990 ಮೀಟರ್ ಮುಟ್ಟುತ್ತದೆ. ಅದೇ ತೋಟೆಯನ್ನು 10.5 ಇಂಚಿನ ನಳಿಗೆಯಲ್ಲಿ ಹಾರಿಸಿದರೆ ವೇಗ ಸುಮಾರು 830 ಮೀಟರಿಗೆ ಇಳಿಯುತ್ತದೆ. ಹಾಗಾದರೆ ಉಳಿದ ಶಕ್ತಿ ಎಲ್ಲಿ ಹೋಯಿತು? ಅದು ಅನಿಲದಲ್ಲೇ ಉಳಿದಿದೆ. ಅನಿಲಕ್ಕೆ ಹಿಗ್ಗಲು ಸಿಕ್ಕಿದ್ದು ಅರ್ಧ ಜಾಗ, ಆದ್ದರಿಂದ ಗುಂಡು ಹೊರಬೀಳುವ ಗಳಿಗೆಯಲ್ಲಿ ಅದರ ಒತ್ತಡ ಎರಡು ಪಟ್ಟಿನ ಆಸುಪಾಸು ಇರುತ್ತದೆ. ಅದು ಒಮ್ಮೆಲೇ ಗಾಳಿಗೆ ಬಿಡುಗಡೆಯಾಗುತ್ತದೆ. ಸದ್ದು, ಬೆಂಕಿ, ಎದೆಗೆ ತಟ್ಟುವ ಒತ್ತಡದ ಅಲೆ, ಎಲ್ಲ ಅಲ್ಲಿಂದಲೇ ಬರುವುದು.

ಕೊಡಗಿನ ಮನೆಗಳಲ್ಲಿ ತೋಟಾ ಕೋವಿ ನೋಡಿ ಬೆಳೆದವರಿಗೆ ಇದು ಹೊಸದು ಅನಿಸಬಹುದು. ಆ ಕೋವಿಗಳ ನಳಿಗೆ 28-30 ಇಂಚು ಉದ್ದ, ತೋಟೆಯ ಒತ್ತಡವೂ ಕಡಿಮೆ. ಕೋವಿಯ ಬಾಯಿ ತಲುಪುವಷ್ಟರಲ್ಲಿ ಅನಿಲದ ಆರ್ಭಟ ಬಹಳಷ್ಟು ತಗ್ಗಿರುತ್ತದೆ. ಹೆಗಲಿಗೆ ಒದೆತ ಜಾಸ್ತಿ, ಮುಖಕ್ಕೆ ಬಡಿಯುವ ಸ್ಫೋಟ ಕಡಿಮೆ. ಗಿಡ್ಡ ಎಆರ್ ಇದಕ್ಕೆ ಪೂರ್ತಿ ಉಲ್ಟಾ.

ಇನ್ನು ಬೆಂಕಿಯ ವಿಷಯ. ನಳಿಗೆಯ ತುದಿಯಲ್ಲಿ ಕಾಣುವ ದೊಡ್ಡ ಕಿತ್ತಳೆ ಉಂಡೆ ಒಳಗಿನಿಂದ ಹಾಗೇ ಹೊರಬಂದ ಬೆಂಕಿ ಅಂತ ತುಂಬಾ ಜನ ತಿಳಿದಿದ್ದಾರೆ. ಅದರ ಬಹುಪಾಲು ಹೊರಗೆ ಹುಟ್ಟುವಂಥದ್ದು. ಮದ್ದು ಉರಿದಾಗ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್‌ನಂಥ ಇನ್ನೂ ಉರಿಯಬಲ್ಲ ಅನಿಲಗಳು ಉಳಿದಿರುತ್ತವೆ. ಹೊರಬಂದ ಅನಿಲ ಮೊದಲು ಹಿಗ್ಗಿ ತಣ್ಣಗಾಗುತ್ತದೆ, ಮರುಕ್ಷಣ ಆಘಾತ ತರಂಗಕ್ಕೆ ಸಿಕ್ಕಿ ಮತ್ತೆ ಬಿಸಿಯಾಗುತ್ತದೆ. ಅಷ್ಟರಲ್ಲಿ ಗಾಳಿಯ ಆಮ್ಲಜನಕ ಬೆರೆತಿರುತ್ತದೆ. ಆಗ ಅದು ಭಗ್ಗನೆ ಹತ್ತಿಕೊಳ್ಳುತ್ತದೆ. ಫ್ಲಾಶ್ ಹೈಡರ್ ಎನ್ನುವ ಬಗೆಯ ಮಝಲ್ ಡಿವೈಸ್ ತಡೆಯುವುದು ಈ ಎರಡನೇ ಉರಿಯನ್ನು.

ವಿಯೆಟ್ನಾಂನಲ್ಲಿ ಕಲಿತ ಪಾಠ

ಈ ಸಮಸ್ಯೆ ಇವತ್ತಿನದಲ್ಲ. 1960ರ ದಶಕದಲ್ಲಿ ಕೋಲ್ಟ್ ಕಂಪನಿ ವಿಯೆಟ್ನಾಂ ಯುದ್ಧಕ್ಕೆಂದು ಎಂ16 ರೈಫಲಿನ ಗಿಡ್ಡ ರೂಪ ಮಾಡಿತು. ಎಕ್ಸ್‌ಎಂ177 ಎಂದು ಅದರ ಹೆಸರು. ನಳಿಗೆ 10 ಇಂಚು. ಕಾಡಿನಲ್ಲಿ, ಹೆಲಿಕಾಪ್ಟರಿನಲ್ಲಿ, ಇಕ್ಕಟ್ಟಿನ ಜಾಗದಲ್ಲಿ ಹಿಡಿಯಲು ಬಹಳ ಅನುಕೂಲ. ಆದರೆ ಸದ್ದು ಮತ್ತು ಬೆಂಕಿ ತಡೆಯಲಾಗದಷ್ಟು. ರಾತ್ರಿ ಒಂದು ಗುಂಡು ಹಾರಿಸಿದರೆ ಹಾರಿಸಿದವನ ಕಣ್ಣೇ ಕತ್ತಲಾಗುವ ಪರಿಸ್ಥಿತಿ.

ಕೋಲ್ಟ್ ಇದಕ್ಕೆ ನಾಲ್ಕು ಇಂಚು ಮೀರಿದ ಉದ್ದದ ಒಂದು ಕೊಳವೆ ಮಾಡಿ ನಳಿಗೆಯ ತುದಿಗೆ ಹಾಕಿತು. ಒಳಗೆ ಅನಿಲ ಹಿಗ್ಗಲು ಜಾಗ ಇತ್ತು. ಸದ್ದು ಉದ್ದ ನಳಿಗೆಯ ಎಂ16 ಮಟ್ಟಕ್ಕೆ ಇಳಿಯಿತು, ಬೆಂಕಿ ಕಡಿಮೆಯಾಯಿತು. ಅನಿಲ ಇನ್ನೊಂದು ಕ್ಷಣ ಒಳಗೆ ಉಳಿದದ್ದರಿಂದ ಬಂದೂಕಿನ ಯಂತ್ರಭಾಗವೂ ಸರಿಯಾಗಿ ಓಡಿತು. ಮುಂದೆ ಅಮೆರಿಕದ ಬಂದೂಕು ನಿಯಂತ್ರಣ ಇಲಾಖೆ ಎಟಿಎಫ್ ಇದೇ ಕೊಳವೆಯನ್ನು ಸೈಲೆನ್ಸರ್ ಎಂದು ವರ್ಗೀಕರಿಸಿತು. ಸದ್ದು ಸ್ವಲ್ಪವೇ ಇಳಿಸಿದರೂ ಕಾನೂನಿನ ಕಣ್ಣಿಗೆ ಅದು ಸೈಲೆನ್ಸರೇ.

1967ರ ಹೊತ್ತಿಗೆ ಬಂದ ಎಕ್ಸ್‌ಎಂ177ಇ2 ಮಾದರಿಯಲ್ಲಿ ನಳಿಗೆಯನ್ನು 11.5 ಇಂಚಿಗೆ ಬೆಳೆಸಿದರು. ಗ್ರೆನೇಡ್ ಲಾಂಚರ್ ಕೂರಿಸಲು ಜಾಗ ಬೇಕಿತ್ತು ಎನ್ನುವುದು ಒಂದು ಕಾರಣ. ಸದ್ದು-ಬೆಂಕಿ ಇನ್ನೊಂದು. ಒಂದೂವರೆ ಇಂಚು ಅಂದರೆ ಏನು ಮಹಾ ಅಂತ ಅನಿಸಬಹುದು. ಇಲ್ಲಿ ಅದು ದೊಡ್ಡ ವ್ಯತ್ಯಾಸ. ಇನ್ನೂ ನಳಿಗೆ ಕೊಂಡಿಲ್ಲ ಎನ್ನುವವರಿಗೆ ನಾನು ಹೇಳುವುದು ಇದನ್ನೇ: ಮಝಲ್ ಡಿವೈಸ್‌ಗೆ ನೂರೈವತ್ತು ಡಾಲರ್ ಸುರಿಯುವ ಬದಲು 7.5 ಬಿಟ್ಟು 10.5 ಅಥವಾ 11.5 ಇಂಚಿನ ನಳಿಗೆ ತೆಗೆದುಕೊಳ್ಳಿ. ಯಾವ ಡಿವೈಸ್‌ಗೂ ಆಗದ ಕೆಲಸ ಅದರಿಂದ ಆಗುತ್ತದೆ.

ಸೋವಿಯತ್ ಒಕ್ಕೂಟದವರೂ ಇದೇ ದಾರಿಯಲ್ಲಿ ನಡೆದರು. ಅವರ ಎಕೆಎಸ್-74ಯು ಬಂದೂಕಿನ ನಳಿಗೆ 206.5 ಮಿಲಿಮೀಟರ್, ಅಂದರೆ ಎಂಟು ಇಂಚು ಸ್ವಲ್ಪ ಮೇಲೆ. ಅದರ ತುದಿಯಲ್ಲಿರುವ ಗಂಟೆಯಾಕಾರದ ದಪ್ಪ ತುಂಡು ಅಲಂಕಾರಕ್ಕೆ ಇಟ್ಟದ್ದಲ್ಲ. ಒಳಗೆ ಅನಿಲಕ್ಕೆ ಒಂದು ಕೋಣೆ ಇದೆ. ಅದು ಬಂದೂಕು ತಪ್ಪದೆ ಓಡಲು ಬೇಕಾದ ಒತ್ತಡ ಕೊಡುತ್ತದೆ, ಮುಂದಿನ ಶಂಕುವಿನ ಭಾಗ ಬೆಂಕಿ ತಗ್ಗಿಸುತ್ತದೆ.

ನಾಲ್ಕು ಬಗೆ, ನಾಲ್ಕು ದಿಕ್ಕು

ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಬೆರಳಿಟ್ಟರೆ ನೀರು ಬೇರೆ ಕಡೆ ಚಿಮ್ಮುತ್ತದೆ, ಪೈಪಿನಲ್ಲಿ ಬರುವ ನೀರೇನೂ ಕಡಿಮೆಯಾಗುವುದಿಲ್ಲ. ಮಝಲ್ ಡಿವೈಸ್ ಮಾಡುವುದು ಅಷ್ಟೇ. ಸಪ್ರೆಸರ್, ಅಂದರೆ ಸೈಲೆನ್ಸರ್, ಒಂದನ್ನು ಬಿಟ್ಟರೆ ಉಳಿದ ಯಾವುದೂ ಸ್ಫೋಟವನ್ನು ನುಂಗುವುದಿಲ್ಲ. ದಿಕ್ಕು ಬದಲಿಸುತ್ತವೆ, ಅಷ್ಟೇ.

ಮೊದಲು ಮಝಲ್ ಬ್ರೇಕ್. ಗಿಡ್ಡ ನಳಿಗೆಯವರು ಅತಿ ಹೆಚ್ಚು ತಪ್ಪು ಮಾಡುವುದು ಇದರಲ್ಲೇ. ಬ್ರೇಕಿನ ಎರಡು ಬದಿಗೂ ದೊಡ್ಡ ಕಿಂಡಿಗಳಿರುತ್ತವೆ. ಮುಂದೆ ನುಗ್ಗುವ ಅನಿಲ ಕಿಂಡಿಯ ಗೋಡೆಗೆ ಬಡಿದು ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ತಿರುಗುತ್ತದೆ. ಆ ಬಡಿತ ಬಂದೂಕನ್ನು ಮುಂದಕ್ಕೆ ಎಳೆಯುತ್ತದೆ, ಹೀಗಾಗಿ ಒದೆತ ಕಡಿಮೆಯಾಗುತ್ತದೆ. ಅನಿಲದ ತೂಕ ಗುಂಡಿನ ಅರ್ಧದ ಹತ್ತಿರ ಅಂತ ಮೊದಲೇ ಹೇಳಿದೆನಲ್ಲ, ಬ್ರೇಕ್ ಇಷ್ಟು ಚೆನ್ನಾಗಿ ಕೆಲಸ ಮಾಡಲು ಕಾರಣ ಅದೇ. ಸ್ಪರ್ಧೆಯಲ್ಲಿ ಒಂದರ ಹಿಂದೆ ಒಂದು ಗುರಿ ಹೊಡೆಯುವವರಿಗೆ ಇದು ನಿಜಕ್ಕೂ ಲಾಭ.

ಆದರೆ 5.56 ತೋಟೆಯ ಒದೆತವೇ ಎಷ್ಟು ಇದೆ? 12 ಬೋರ್ ಕೋವಿ ಹಾರಿಸಿದವರ ಹೆಗಲಿಗೆ ಇದು ಲೆಕ್ಕಕ್ಕೇ ಇಲ್ಲ. ಎಆರ್ ಪಿಸ್ತೂಲು ಹಗುರವಾದ್ದರಿಂದ ಸ್ವಲ್ಪ ಜಾಸ್ತಿ ಕುಲುಕುತ್ತದೆ, ಅಷ್ಟೇ. ಆ ಸ್ವಲ್ಪವನ್ನು ಇಳಿಸಲು ಎರಡು ಪಟ್ಟು ಒತ್ತಡದ ಅನಿಲವನ್ನು ನಿಮ್ಮ ಮುಖದ ಕಡೆಗೆ, ಪಕ್ಕದವರ ಕಿವಿಯ ಕಡೆಗೆ ತಿರುಗಿಸುವುದು ಯಾವ ಲೆಕ್ಕದಲ್ಲೂ ಸರಿ ಅಲ್ಲ. ಛಾವಣಿ ಇರುವ ಶೂಟಿಂಗ್ ರೇಂಜ್‌ಗಳಲ್ಲಿ ನಿಲ್ಲುವ ಜಾಗಗಳ ನಡುವೆ ಅಡ್ಡಗೋಡೆ ಇರುತ್ತದೆ. ಬ್ರೇಕಿನಿಂದ ಚಿಮ್ಮಿದ ಅಲೆ ಆ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಪಕ್ಕದಲ್ಲಿ ಮೊದಲ ಸಲ ಪಿಸ್ತೂಲು ಹಿಡಿದ ಹೊಸಬರಿದ್ದರೆ ಪ್ರತಿ ಗುಂಡಿಗೂ ಬೆಚ್ಚಿಬೀಳುತ್ತಾರೆ. ಬಂದೂಕು ಹಿಡಿದ ಕೈ ಬೆಚ್ಚುವುದು ಯಾರಿಗೂ ಒಳ್ಳೆಯದಲ್ಲ.

ಕಿವಿಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಗುಂಡಿನಂಥ ಒಮ್ಮೆಲೇ ಬಡಿಯುವ ಸದ್ದಿಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಇಟ್ಟಿರುವ ಮಿತಿ 140 ಡೆಸಿಬೆಲ್. 5.56 ರೈಫಲಿನ ಸದ್ದು 160 ದಾಟುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 20 ಹೆಚ್ಚಾದರೆ ಗಾಳಿಯ ಒತ್ತಡ ಹತ್ತು ಪಟ್ಟು ಹೆಚ್ಚಾಯಿತು ಅಂತ ಅರ್ಥ. ಗಿಡ್ಡ ನಳಿಗೆ, ಅದರ ಮೇಲೆ ಬ್ರೇಕ್, ಅದರ ಮೇಲೆ ಮುಚ್ಚಿದ ಕೋಣೆ: ಒಂದೊಂದೂ ಇದನ್ನು ಮೇಲಕ್ಕೆ ತಳ್ಳುತ್ತದೆ. ಕಿವಿಯೊಳಗಿನ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗಿಡ್ಡ ಎಆರ್ ಹಾರಿಸುವಾಗ ಕಿವಿಯೊಳಗೆ ಪ್ಲಗ್, ಅದರ ಮೇಲೆ ಇಯರ್‌ಮಫ್, ಎರಡೂ ಹಾಕಿ. ಎರಡು ಹಾಕಿದರೆ ರಕ್ಷಣೆ ದುಪ್ಪಟ್ಟಾಗುತ್ತದೆ ಅಂತೇನಿಲ್ಲ. ಒಂದೇ ಹಾಕಿದ್ದಕ್ಕಿಂತ ಸುಮಾರು 5 ಡೆಸಿಬೆಲ್ ಜಾಸ್ತಿ ಸಿಗುತ್ತದೆ. ಇಲ್ಲಿ ಆ ಐದೂ ಬೇಕು.

ಎರಡನೆಯದು ಕಾಂಪೆನ್ಸೇಟರ್. ಇದರ ಕಿಂಡಿಗಳು ಮೇಲ್ಮುಖವಾಗಿರುತ್ತವೆ. ಅನಿಲ ಮೇಲೆ ಚಿಮ್ಮಿದಾಗ ನಳಿಗೆಯ ಮೂತಿ ಕೆಳಕ್ಕೆ ಒತ್ತಲ್ಪಡುತ್ತದೆ. 1920ರ ದಶಕದಲ್ಲಿ ಥಾಮ್ಸನ್ ಸಬ್‌ಮಷಿನ್ ಗನ್ನಿಗೆ ಹಾಕುತ್ತಿದ್ದ ಕಟ್ಸ್ ಕಾಂಪೆನ್ಸೇಟರ್ ಈ ಬಗೆಯದು. ಎಕೆಎಂ ರೈಫಲಿನ ತುದಿಯಲ್ಲಿ ಓರೆಯಾಗಿ ಕತ್ತರಿಸಿದ ತುಂಡು ಇರುತ್ತದಲ್ಲ, ಅದರ ಕೆಲಸವೂ ಹೆಚ್ಚುಕಡಿಮೆ ಇದೇ. ಗಿಡ್ಡ ಎಆರ್‌ನಲ್ಲಿ ಇದರ ತೊಂದರೆ ಏನೆಂದರೆ ಬೆಂಕಿಯೂ ಮೇಲೆ ಚಿಮ್ಮುತ್ತದೆ, ಅದೂ ನೀವು ಗುರಿ ನೋಡುವ ಸಾಲಿನಲ್ಲೇ. ಹಗಲಲ್ಲಿ ಪರವಾಗಿಲ್ಲ. ಕತ್ತಲಲ್ಲಿ ಕಷ್ಟ.

ಮೂರನೆಯದು ಫ್ಲಾಶ್ ಹೈಡರ್. ಮೇಲೆ ಹೇಳಿದ ಎರಡನೇ ಉರಿ ಹತ್ತಿಕೊಳ್ಳದ ಹಾಗೆ ಇದು ಅನಿಲವನ್ನು ಸಣ್ಣ ಸಣ್ಣ ಸೀಳುಗಳಲ್ಲಿ ಚದುರಿಸುತ್ತದೆ. ಆಘಾತ ತರಂಗದ ಆಕಾರ ಒಡೆದುಹೋಗುತ್ತದೆ. ಅನಿಲ ಮತ್ತೆ ಬಿಸಿಯಾಗುವುದು ತಪ್ಪುತ್ತದೆ. ಎಂ16 ರೈಫಲಿಗೆ ಮೊದಲು ಮೂರು ಕವಲಿನ, ತುದಿ ತೆರೆದ ಹೈಡರ್ ಇತ್ತು. ಬೆಂಕಿ ತಡೆಯುವುದರಲ್ಲಿ ಅದು ಗಟ್ಟಿಗ. ಆದರೆ ವಿಯೆಟ್ನಾಂ ಕಾಡಿನಲ್ಲಿ ಬಳ್ಳಿ-ಕಡ್ಡಿಗೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ ಮುಂದಿನ ತುದಿ ಮುಚ್ಚಿದ, ಹಕ್ಕಿ ಪಂಜರದ ಆಕಾರದ ಹೈಡರ್ ಬಂತು. 1980ರ ದಶಕದ ಎಂ16ಎ2 ಮಾದರಿಯಲ್ಲಿ ಅದರ ಕೆಳಭಾಗದ ಸೀಳುಗಳನ್ನೂ ಮುಚ್ಚಿದರು. ನೆಲದಲ್ಲಿ ಮಲಗಿ ಹಾರಿಸುವಾಗ ಧೂಳು ಏಳದಿರಲಿ ಅಂತ ಹಾಗೆ ಮಾಡಿದ್ದು, ಮೂತಿ ಏಳುವುದೂ ಅದರಿಂದ ಸ್ವಲ್ಪ ಕಡಿಮೆಯಾಯಿತು. ಇವತ್ತು ಎ2 ಎಂದು ಕರೆಯುವ ಹೈಡರ್ ಇದೇ. ಹತ್ತು ಡಾಲರಿನ ಆಸುಪಾಸಿಗೆ ಸಿಗುತ್ತದೆ.

ಎ2 ತೀರಾ ಸಾಧಾರಣ ಅಂತ ಅದನ್ನು ಕಿತ್ತು ಬಿಸಾಡುವವರೇ ಜಾಸ್ತಿ. ನನಗೆ ಅದರ ಮೇಲೆ ಗೌರವ ಇದೆ. 20 ಇಂಚಿಗೆಂದು ಮಾಡಿದ ವಸ್ತು ಅದು, 10.5 ಇಂಚಿನ ಬೆಂಕಿಯನ್ನು ಪೂರ್ತಿ ನುಂಗಲು ಅದಕ್ಕೆ ಆಗುವುದಿಲ್ಲ ನಿಜ. ಆದರೂ ಬರಿ ನಳಿಗೆಗೆ ಹೋಲಿಸಿದರೆ ಅಜಗಜಾಂತರ. ಇನ್ನೂ ಚೆನ್ನಾಗಿ ಬೆಂಕಿ ತಡೆಯಬೇಕೆಂದರೆ ತುದಿ ತೆರೆದ ಮೂರು ಅಥವಾ ನಾಲ್ಕು ಕವಲಿನದನ್ನು ನೋಡಿ. ತೋಟೆಯ ಪಾತ್ರವೂ ಇಲ್ಲಿ ದೊಡ್ಡದು. ಕೆಲವು ಮದ್ದುಗಳಲ್ಲಿ ಉರಿ ತಗ್ಗಿಸಲು ಪೊಟ್ಯಾಸಿಯಂ ಲವಣ ಬೆರೆಸಿರುತ್ತಾರೆ. ಅಂಥ ತೋಟೆ ಹಾಕಿದರೆ ಅಗ್ಗದ ಹೈಡರ್ ಕೂಡ ದುಬಾರಿಯದರ ಹಾಗೆ ಕೆಲಸ ಮಾಡುತ್ತದೆ.

ನಾಲ್ಕನೆಯದು ಲೀನಿಯರ್ ಕಾಂಪೆನ್ಸೇಟರ್. ಇದು ಮುಂದೆ ತೆರೆದ ಒಂದು ದಪ್ಪ ಕೊಳವೆ. ಪಕ್ಕಕ್ಕೆ ಕಿಂಡಿ ಇರುವುದಿಲ್ಲ. ಅನಿಲವೆಲ್ಲ ಮುಂದಕ್ಕೇ ಹೋಗುತ್ತದೆ. ನೊವೆಸ್ಕೆ ಕಂಪನಿಯ ಕೆಎಕ್ಸ್3 ಈ ಗುಂಪಿನಲ್ಲಿ ಬಹಳ ಜನಕ್ಕೆ ಗೊತ್ತಿರುವಂಥದ್ದು. ಹಾರಿಸುವವರಿಗೂ ಪಕ್ಕದವರಿಗೂ ಸದ್ದಿನ ಪೆಟ್ಟು ಗೊತ್ತಾಗುವಷ್ಟು ಕಡಿಮೆ. ಗುರಿಯ ಕಡೆ ನಿಂತವರಿಗೆ ಅಷ್ಟೇ ಸದ್ದು ಕೇಳುತ್ತದೆ, ಅಲ್ಲಿ ಯಾರೂ ಇರಬಾರದು ಬಿಡಿ. ಒದೆತ ಇಳಿಯುವುದಿಲ್ಲ. ಬೆಂಕಿಯೂ ಹೆಚ್ಚಿನವುಗಳಲ್ಲಿ ಇಳಿಯುವುದಿಲ್ಲ. ನಳಿಗೆಯ ತುದಿಗೆ ತೂಕ ಮಾತ್ರ ಸೇರುತ್ತದೆ. ಆದರೂ ಛಾವಣಿಯ ಕೆಳಗಿನ ರೇಂಜ್‌ನಲ್ಲೇ ಹೆಚ್ಚು ಅಭ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ಈ ಕೊಳವೆಯೊಳಗೆ ನೀವೇ ಅಡ್ಡತಡೆಗಳನ್ನು ಸೇರಿಸಿ ಸದ್ದು ಇಳಿಸಲು ಹೊರಟರೆ ಅದು ಕಾನೂನಿನ ಪ್ರಕಾರ ಸೈಲೆನ್ಸರ್ ತಯಾರಿಕೆ. ನೋಂದಣಿ ಇಲ್ಲದೆ ಮಾಡಿದರೆ ಹತ್ತು ವರ್ಷದವರೆಗೆ ಜೈಲು. ದಯವಿಟ್ಟು ಆ ಕಡೆ ಹೋಗಲೇಬೇಡಿ.

ಎಲ್ಲ ಗುಣವೂ ಒಂದರಲ್ಲೇ ಇದೆ ಅನ್ನುವ ಮಿಶ್ರ ಡಿವೈಸ್‌ಗಳೂ ಮಾರುಕಟ್ಟೆಯಲ್ಲಿವೆ. ಸ್ವಲ್ಪ ಬೆಂಕಿ ತಡೆ, ಸ್ವಲ್ಪ ಒದೆತ ತಡೆ. 14.5 ಅಥವಾ 16 ಇಂಚಿನ ನಳಿಗೆಯಲ್ಲಿ ಇವು ಚೆನ್ನಾಗಿಯೇ ಇರುತ್ತವೆ. ಗಿಡ್ಡದರಲ್ಲಿ ಅನಿಲದ ಒತ್ತಡ ಅಷ್ಟಿರುವಾಗ ಎರಡೂ ಅರ್ಧಂಬರ್ಧ ಆಗುತ್ತವೆ.

ಸಪ್ರೆಸರ್ ಯೋಚನೆ ಇದ್ದರೆ ಕ್ರಮ ಬದಲಾಗುತ್ತದೆ

ಅನಿಲವನ್ನು ನಿಜಕ್ಕೂ ಹಿಡಿದಿಟ್ಟು, ತಣ್ಣಗೆ ಮಾಡಿ, ನಿಧಾನವಾಗಿ ಬಿಡುವುದು ಸಪ್ರೆಸರ್ ಮಾತ್ರ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಪ್ರಕಾರ ಅದನ್ನು ಸರಕಾರದಲ್ಲಿ ನೋಂದಾಯಿಸಬೇಕು. ಇದಕ್ಕಿದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಗೆ ಇಳಿದಿದೆ. ನೋಂದಣಿ, ಬೆರಳಚ್ಚು, ಅನುಮತಿ ಎಲ್ಲ ಹಾಗೇ ಉಳಿದಿವೆ. ಸ್ಟಾಕ್ ಇರುವ ಗಿಡ್ಡ ನಳಿಗೆಯ ರೈಫಲಿಗೂ ಇದೇ ಕಾನೂನು, ಇದೇ ಬದಲಾವಣೆ ಅನ್ವಯಿಸುತ್ತದೆ. ತೆರಿಗೆ ತಪ್ಪಿಸಲೆಂದೇ ಎಆರ್ ಪಿಸ್ತೂಲು ಕೊಳ್ಳುತ್ತಿದ್ದವರು ಈಗ ಸ್ಟಾಕ್ ಇರುವ ರೈಫಲನ್ನೇ ನೋಂದಾಯಿಸುವ ಯೋಚನೆ ಮಾಡಬಹುದು. ಪಿಸ್ತೂಲಿನ ಹಿಂದೆ ಹಾಕುವ ಬ್ರೇಸ್ (ಮುಂಗೈಗೆ ಆಸರೆ ಕೊಡುವ ತುಂಡು) ಬಗ್ಗೆ ಎಟಿಎಫ್ 2023ರ ಜನವರಿಯಲ್ಲಿ ತಂದ ನಿಯಮವನ್ನು 2024ರ ಜೂನ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ರದ್ದು ಮಾಡಿತು.

ಮುಂದೆ ಸಪ್ರೆಸರ್ ಕೊಳ್ಳುವ ಮನಸ್ಸಿದ್ದರೆ ಮೊದಲು ಸಪ್ರೆಸರ್ ಯಾವುದು ಅಂತ ತೀರ್ಮಾನಿಸಿ. ಆಮೇಲೆ ಮಝಲ್ ಡಿವೈಸ್. ಬೇಗ ಹಾಕಿ ತೆಗೆಯುವ ಸಪ್ರೆಸರ್‌ಗಳು ತಮ್ಮದೇ ಕಂಪನಿಯ ಡಿವೈಸ್ ಮೇಲೆ ಮಾತ್ರ ಕೂರುವುದು ಜಾಸ್ತಿ. ಇನ್ನೊಂದು ವಿಷಯ, ಸಪ್ರೆಸರ್ ತಯಾರಕರು ಕನಿಷ್ಠ ಇಷ್ಟು ಇಂಚಿನ ನಳಿಗೆ ಇರಬೇಕು ಅಂತ ಹೇಳಿರುತ್ತಾರೆ. 7.5 ಇಂಚಿನಿಂದ ಹೊರಬರುವ ಅನಿಲ ಎಷ್ಟೋ ಸಪ್ರೆಸರ್‌ಗಳ ಒಳಗೋಡೆಯನ್ನು ಬೇಗ ತಿಂದುಹಾಕುತ್ತದೆ. ಬ್ರೇಕಿನ ಬಗ್ಗೆ ಇಷ್ಟೆಲ್ಲ ದೂರಿದೆ, ಆದರೆ ಇಲ್ಲಿ ಅದಕ್ಕೆ ಒಂದು ಒಳ್ಳೆಯ ಪಾತ್ರ ಇದೆ. ಸಪ್ರೆಸರ್ ಒಳಗೆ ಕೂತ ಬ್ರೇಕ್ ಮೊದಲ ಹೊಡೆತವನ್ನು ತಾನೇ ತಿಂದು ಒಳಗೋಡೆಯನ್ನು ಕಾಪಾಡುತ್ತದೆ. ಯಾವಾಗಲೂ ಸಪ್ರೆಸರ್ ಹಾಕಿಯೇ ಹಾರಿಸುತ್ತೇನೆ ಎನ್ನುವವರು ಬ್ರೇಕ್ ಆರಿಸಬಹುದು. ಕೆಲವೊಮ್ಮೆ ತೆಗೆದು ಹಾರಿಸುವವರಿಗೆ ಫ್ಲಾಶ್ ಹೈಡರ್ ಬಗೆಯದೇ ಸರಿ.

ತೋಟೆ ಬೇರೆಯಾದರೆ ಉತ್ತರವೂ ಬೇರೆ

ಇಲ್ಲಿಯವರೆಗೆ ಹೇಳಿದ್ದು 5.56 ಬಗ್ಗೆ. 300 ಬ್ಲ್ಯಾಕ್‌ಔಟ್ ಎನ್ನುವ ತೋಟೆಯನ್ನು ಗಿಡ್ಡ ನಳಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದಾರೆ. 2011ರಲ್ಲಿ ಅಮೆರಿಕದ ತಯಾರಕರ ಮಾನದಂಡ ಸಂಸ್ಥೆ ಸಾಮಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದರ ಮದ್ದು ಬೇಗ ಉರಿಯುವಂಥದ್ದು. ಒಂಬತ್ತು ಇಂಚು ಮುಟ್ಟುವಷ್ಟರಲ್ಲಿ ಬಹುತೇಕ ಉರಿದು ಮುಗಿದಿರುತ್ತದೆ. ಬೆಂಕಿ ಕಡಿಮೆ. ಇದಕ್ಕೆ ಸಾದಾ ಫ್ಲಾಶ್ ಹೈಡರ್ ಧಾರಾಳ ಸಾಕು. ಎಂಟು ಇಂಚಿನ ಬಂದೂಕೇ ಬೇಕು ಅಂತ ಹಟ ಇದ್ದರೆ 5.56 ಬಿಟ್ಟು ಇದಕ್ಕೆ ಬರುವುದು ಜಾಣತನ. 9 ಮಿಲಿಮೀಟರ್ ಎಆರ್ ಆದರೆ ಇನ್ನೂ ಸುಲಭ. ಅಲ್ಲಿ ಅನಿಲವೇ ಕಡಿಮೆ, ಬ್ರೇಕಿಗೆ ಕೆಲಸವೇ ಇಲ್ಲ. ನಳಿಗೆಯ ತುದಿಯ ದಾರ, ಅಂದರೆ ಡಿವೈಸ್ ತಿರುಗಿ ಕೂರುವ ತಿರುಪಿನ ಸುತ್ತು, ಮುಚ್ಚುವ ಒಂದು ಕ್ಯಾಪ್ ಹಾಕಿಕೊಂಡರೂ ನಡೆಯುತ್ತದೆ.

ಆದರೆ ತೋಟೆ ಬದಲಾದಾಗ ಜೀವಕ್ಕೆ ಅಪಾಯ ತರುವ ಎರಡು ತಪ್ಪುಗಳಿವೆ.

ಮೊದಲನೆಯದು ದಾರದ ಅಳತೆ ನಂಬುವುದು. 5.56 ನಳಿಗೆಯ ತುದಿಯ ದಾರ 1/2-28, ಅಂದರೆ ಅರ್ಧ ಇಂಚು ದಪ್ಪ, ಇಂಚಿಗೆ 28 ಸುತ್ತು. 300 ಬ್ಲ್ಯಾಕ್‌ಔಟ್ ಸಾಮಾನ್ಯವಾಗಿ 5/8-24. ಇವೆರಡು ಒಂದಕ್ಕೊಂದು ಕೂರುವುದಿಲ್ಲ, ಸಮಸ್ಯೆ ಇಲ್ಲ. ಆದರೆ ಎಷ್ಟೋ 9 ಮಿಲಿಮೀಟರ್ ನಳಿಗೆಗಳ ದಾರವೂ 1/2-28. ಹಾಗಾಗಿ 5.56ಕ್ಕೆ ಮಾಡಿದ ಡಿವೈಸ್ 9 ಮಿಲಿಮೀಟರ್ ನಳಿಗೆಗೆ ಸಲೀಸಾಗಿ ತಿರುಗಿ ಕೂರುತ್ತದೆ. ತೂತು ಮಾತ್ರ 5.7 ಮಿಲಿಮೀಟರ್ ಗುಂಡಿಗೆ ಮಾಡಿದ್ದು. 9 ಮಿಲಿಮೀಟರ್ ಗುಂಡು ಅದಕ್ಕೆ ಬಡಿದರೆ ಡಿವೈಸ್ ಸಿಡಿಯುತ್ತದೆ. ದಾರ ಕೂತಿತು ಅಂತ ಸಮಾಧಾನ ಪಡಬೇಡಿ. ಡಿವೈಸ್ ಮೇಲೆ ಕೊರೆದಿರುವ ತೋಟೆಯ ಹೆಸರು ಓದಿ.

ಎರಡನೆಯದು ಇನ್ನೂ ಭಯಂಕರ. 300 ಬ್ಲ್ಯಾಕ್‌ಔಟ್ ಮತ್ತು 5.56 ಒಂದೇ ಮ್ಯಾಗಜಿನ್‌ನಲ್ಲಿ ಕೂರುತ್ತವೆ. 300ರ ತೋಟೆ ಕೆಲವೊಮ್ಮೆ 5.56 ಬಂದೂಕಿನೊಳಗೂ ಹೋಗಿಬಿಡುತ್ತದೆ. ಹಾರಿಸಿದರೆ ದೊಡ್ಡ ಗುಂಡು ಸಣ್ಣ ನಳಿಗೆಯಲ್ಲಿ ಸಿಕ್ಕಿಕೊಂಡು ಬಂದೂಕು ಕೈಯಲ್ಲೇ ಒಡೆಯುತ್ತದೆ. ಎರಡೂ ಇರುವ ಮನೆಯಲ್ಲಿ ಮ್ಯಾಗಜಿನ್‌ಗಳ ಬಣ್ಣವೇ ಬೇರೆ ಇರಲಿ, ರೇಂಜ್‌ಗೆ ಒಂದು ಸಲಕ್ಕೆ ಒಂದನ್ನೇ ಒಯ್ಯಿರಿ.

ಕೂರಿಸುವುದು

ಎ2 ಥರದ ಹೈಡರ್ ಜೊತೆ ಒಂದು ಕ್ರಶ್ ವಾಷರ್ ಬರುತ್ತದೆ. ಅದು ಅದುಮಿಕೊಂಡು ಡಿವೈಸನ್ನು ಬಿಗಿಯಾಗಿ ಹಿಡಿಯುತ್ತದೆ. ಕೈಯಲ್ಲಿ ಬಿಗಿಯಾಗುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತಿನಿಂದ ಮುಕ್ಕಾಲು ಸುತ್ತಿನೊಳಗೆ ಸೀಳುಗಳು ಮೇಲೆ ಬರುವಂತೆ ನಿಲ್ಲಿಸಬೇಕು. ಮುಚ್ಚಿದ ಭಾಗ ಕೆಳಗಿರಬೇಕು. ಒಮ್ಮೆ ಅದುಮಿದ ವಾಷರನ್ನು ಮತ್ತೆ ಬಳಸಬೇಡಿ. ಸಪ್ರೆಸರ್ ಕೂರುವ ಡಿವೈಸ್ ಆದರೆ ಕ್ರಶ್ ವಾಷರ್ ಬೇಡವೇ ಬೇಡ. ಅದು ಒಂದು ಬದಿಗೆ ಜಾಸ್ತಿ ಅದುಮಿಕೊಂಡರೆ ಡಿವೈಸ್ ಕೂದಲೆಳೆಯಷ್ಟು ಓರೆಯಾಗುತ್ತದೆ. ಸಪ್ರೆಸರಿನ ಉದ್ದಕ್ಕೆ ಆ ಓರೆ ದೊಡ್ಡದಾಗಿ ಗುಂಡು ಒಳಗೋಡೆಗೆ ಬಡಿಯಬಹುದು. ಅಲ್ಲಿ ಶಿಮ್ ಎನ್ನುವ ತೆಳ್ಳನೆ ಲೋಹದ ಬಿಲ್ಲೆಗಳನ್ನು ಬಳಸಿ, ತಯಾರಕರು ಹೇಳಿದಷ್ಟೇ ಬಿಗಿ ಕೊಡಿ.

ಬಿಗಿಮಾಡುವಾಗ ಹಿಡಿಯಬೇಕಾದದ್ದು ನಳಿಗೆಯನ್ನು. ಬಂದೂಕಿನ ಅಲ್ಯೂಮಿನಿಯಂ ಮೈಯನ್ನು ಹಿಡಿದು ತಿರುಗಿಸಿದರೆ ನಳಿಗೆಯನ್ನು ಜಾಗದಲ್ಲಿ ನಿಲ್ಲಿಸುವ ಸಣ್ಣ ಪಿನ್ ತಾನು ಕೂರುವ ತೋಡನ್ನು ಹಾಳುಮಾಡುತ್ತದೆ.

ನಳಿಗೆಯ ಸುತ್ತ ಕೈ ಹಿಡಿಯುವ ಕವಚ, ಹ್ಯಾಂಡ್‌ಗಾರ್ಡ್, ಅದರ ಉದ್ದವನ್ನೂ ನೋಡಿ. ಚೆಂದ ಕಾಣುತ್ತದೆ ಅಂತ ಕೆಲವರು ಡಿವೈಸನ್ನು ಹ್ಯಾಂಡ್‌ಗಾರ್ಡ್ ಒಳಗೆ ಅಡಗಿಸುತ್ತಾರೆ. ಲೀನಿಯರ್ ಆದರೆ ನಡೆದೀತು. ಪಕ್ಕಕ್ಕೆ ಕಿಂಡಿ ಇರುವ ಡಿವೈಸ್ ಆದರೆ ಬಿಸಿ ಅನಿಲ ಹ್ಯಾಂಡ್‌ಗಾರ್ಡ್‌ಗೇ ಬಡಿಯುತ್ತದೆ, ಅದರ ಮೇಲೆ ನಿಮ್ಮ ಕೈ ಇರುತ್ತದೆ. 7.5 ಇಂಚಿನ ಬಂದೂಕಿನಲ್ಲಿ ಎಡಗೈ ಬೆರಳುಗಳು ನಳಿಗೆಯ ಬಾಯಿಯ ತೀರಾ ಹತ್ತಿರ. ಬೆರಳು ಮುಂದೆ ಜಾರದಂತೆ ತಡೆಯುವ ಹ್ಯಾಂಡ್ ಸ್ಟಾಪ್ ಎನ್ನುವ ಸಣ್ಣ ತುಂಡು ಸಿಗುತ್ತದೆ. ಮಝಲ್ ಡಿವೈಸ್‌ಗಿಂತ ಮೊದಲು ಅದನ್ನು ಕೊಳ್ಳಿ.

ಯಾವ ರಾಜ್ಯ, ಯಾವ ವೀಸಾ

ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಟೆಕ್ಸಾಸ್‌ನಲ್ಲಿ ಸಲೀಸಾಗಿ ಕೊಳ್ಳುವ ವಸ್ತು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ ಆಗಬಹುದು. ಕ್ಯಾಲಿಫೋರ್ನಿಯಾದಲ್ಲಿ ಮ್ಯಾಗಜಿನ್ ಕಳಚಬಹುದಾದ ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನ ನಳಿಗೆಯ ತುದಿಯಲ್ಲಿ ದಾರ ಇದ್ದರೇ ಸಾಕು, ಅದು ನಿಷೇಧಿತ ಅಸಾಲ್ಟ್ ವೆಪನ್ ಆಗುತ್ತದೆ. ಯಾವ ಡಿವೈಸ್ ಎನ್ನುವ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಅದೇ ರಾಜ್ಯದಲ್ಲಿ ರೈಫಲಿನ ವಿಷಯಕ್ಕೆ ಬಂದರೆ ಕಾನೂನು ಕಣ್ಣಿಡುವುದು ಫ್ಲಾಶ್ ಹೈಡರ್ ಮೇಲೆ. ಅಲ್ಲಿಯ ರೈಫಲ್‌ಗಳಲ್ಲಿ ಬ್ರೇಕ್ ಅಷ್ಟೊಂದು ಕಾಣಲು ಇದೂ ಒಂದು ಕಾರಣ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು ಒತ್ತಿ ಹೇಳಬೇಕು. ಎಚ್-1ಬಿ, ಎಲ್-1, ಎಫ್-1, ಎಚ್-4 ಥರದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು ಅಥವಾ ತೋಟೆ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಸ್ನೇಹಿತರ ಜೊತೆ ರೇಂಜ್‌ಗೆ ಹೋಗಿ ಬಾಡಿಗೆ ಬಂದೂಕು ಕೈಯಲ್ಲಿ ಹಿಡಿದರೂ ಅದು ಅನ್ವಯಿಸಬಹುದು. ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ. ಸುಮ್ನೆ ಒಂದು ಫೋಟೊಗೋಸ್ಕರ ಹಿಡಿದ ಬಂದೂಕಿನಿಂದ ವೀಸಾ, ಕೆಲಸ, ವರ್ಷಗಟ್ಟಲೆ ಕಾದ ಗ್ರೀನ್ ಕಾರ್ಡ್ ಎಲ್ಲ ಅಪಾಯಕ್ಕೆ ಬೀಳಬಹುದು. ಅನುಮಾನ ಇದ್ದರೆ ರೇಂಜ್‌ಗೆ ಹೋಗುವ ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ.

ಊರಿಗೆ ಬರುವಾಗ ಈ ತುಂಡುಗಳು ಸೂಟ್‌ಕೇಸಿನಲ್ಲಿ ಇರಲೇಬಾರದು. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಅವರ ಸಾಂಪ್ರದಾಯಿಕ ಕೋವಿಗೆ ಸಂಬಂಧಪಟ್ಟದ್ದು, ಅದಕ್ಕೂ ಇದಕ್ಕೂ ನಂಟಿಲ್ಲ.

ಕಾನೂನಿನ ದಾರಿ ಸರಿಯಿದೆ, 10.5 ಇಂಚಿನ 5.56 ಕೈಯಲ್ಲಿದೆ ಅಂತಾದರೆ ನಾನು ಹೇಳುವ ಆಯ್ಕೆ ಹೀಗಿದೆ. ಬಂದೂಕಿನ ಜೊತೆ ಬಂದ ಎ2 ಹೈಡರ್ ಇದ್ದರೆ ಮೊದಲು ಅದರಲ್ಲೇ ಅಭ್ಯಾಸ ಮಾಡಿ. ಮನೆಯ ರಕ್ಷಣೆಗೆ, ಕತ್ತಲಲ್ಲಿ ಬಳಸಲು ಎಂದಾದರೆ ತುದಿ ತೆರೆದ ಕವಲಿನ ಹೈಡರ್‌ಗೆ ಹೋಗಿ. ವಾರವಾರ ಛಾವಣಿಯ ರೇಂಜ್‌ನಲ್ಲಿ ಹಾರಿಸುವವರು ಲೀನಿಯರ್ ಹಾಕಿ. ಬ್ರೇಕ್ ಬೇಕೇ ಬೇಕು ಎಂದರೆ ಬಯಲು ರೇಂಜ್‌ಗೆ ಹೋಗಿ, ಸಾಲಿನ ತುದಿಯ ಜಾಗ ಕೇಳಿ ತೆಗೆದುಕೊಳ್ಳಿ, ಪಕ್ಕದವರಿಗೆ ಮೊದಲೇ ಹೇಳಿ. ಹೊಸ ಡಿವೈಸ್ ಹಾಕಿದ ಮೇಲೆ ಹತ್ತಿಪ್ಪತ್ತು ಗುಂಡು ಹಾರಿಸಿ, ಬಂದೂಕು ಖಾಲಿ ಮಾಡಿ, ಪೂರ್ತಿ ಆರಿದ ನಂತರ ಕೈಯಿಂದ ತಿರುಗಿಸಿ ನೋಡಿ. ಸ್ವಲ್ಪ ಅಲುಗಿದರೂ ಬಿಚ್ಚಿ ಮತ್ತೆ ಕೂರಿಸಿ. ಗುಂಡು ಬೀಳುವ ಜಾಗವೂ ಸ್ವಲ್ಪ ಸರಿದಿರುತ್ತದೆ, ಗುರಿ ನೋಡುವ ಸೈಟ್ ಹೊಂದಿಸಿಕೊಳ್ಳಬೇಕು.